ಮಾವಿನ ತೊಗಟೆ ಸುಲಿದವರು

ಸಸ್ಯಶಾಸ್ತ್ರ ಕಲಿಸುವ ರಂಜನಾ ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಬ್ಯಾಡಗಿಯ ಕಾಲೇಜಿನಲ್ಲಿ ಎಲ್ಲರೂ ಬಲ್ಲರು. ಬಟಾಟಿಯನ್ನು ಬೇರು ಎಂದವರ ಮೇಲೆ ಆ ಸಿಟ್ಟು ಮೊದಲು ಬೀಳುತ್ತಿತ್ತು. "ಕಣ್ಣದಾವ ನೋಡು ಇದಕ್ಕ. ಕಣ್ಣಂದ್ರ ಮೊಗ್ಗು. ಬೇರಿಗೆ ಎಲ್ಯಾದ್ರೂ ಮೊಗ್ಗ ಇರ್ತದೇನು? ಇದು ಮಣ್ಣಾಗ ಅಡಗಿ ಕೂತ ಕಾಂಡ," ಎಂದು ಬಟಾಟಿಯನ್ನು ಹುಡುಗರ ಕೈಗೆ ಕೊಟ್ಟು ತಿರುಗಿಸಿ ತಿರುಗಿಸಿ ನೋಡಿಸುತ್ತಿದ್ದರು. ಹಸಿಶುಂಠಿಯ ಗಿಣ್ಣು, ಉಳ್ಳಾಗಡ್ಡಿಯ ಬುಡದಲ್ಲಿರುವ ಬಿಲ್ಲೆಯಂಥ ಕಾಂಡ, ನೆಲದ ಮೇಲೆಯೇ ಉಬ್ಬಿ ಕೂರುವ ನವಿಲುಕೋಸು, ಎಲೆಗಳನ್ನೆಲ್ಲ ಮುಳ್ಳಾಗಿಸಿ ತಾನೇ ಹಸಿರಾಗಿ ನಿಂತ ಪಾಪಸುಕಳ್ಳಿ, ಎಲ್ಲವೂ ಅವರ ಮೇಜಿನ ಮೇಲೆ ಬರುತ್ತಿದ್ದವು. ಪುಸ್ತಕದ ಚಿತ್ರ ತೋರಿಸಿ ಪಾಠ ಮುಗಿಸುವುದು ಅವರ ಲೆಕ್ಕದಲ್ಲಿ ಕಳ್ಳತನ.

ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ. ಮದುವೆಯಾಗಿ ಹಾವೇರಿಗೆ ಹೋದರು. ಗಂಡ ಬೇಗ ತೀರಿಕೊಂಡ ಮೇಲೆ ತವರೂರಿಗೇ ಮರಳಿ, ಅಣ್ಣ ಪ್ರಾಣೇಶನ ಮನೆಯಿಂದ ಎರಡು ಓಣಿ ದಾಟಿದರೆ ಸಿಗುವ ಬಾಡಿಗೆ ಮನೆಯಲ್ಲಿ ನಿಂತರು. ಆ ಮನೆ ಹುಡುಕಿಕೊಟ್ಟವನು ಪ್ರಾಣೇಶನೇ. ಜ್ವರ ಬಂದಾಗ ದವಾಖಾನೆಗೆ ಕರೆದೊಯ್ದವನೂ ಅವನೇ. ತಾಯಿ ಸರಸ್ವತೀಬಾಯಿ ಮಗನ ಮನೆಯಲ್ಲಿದ್ದರು. ರವಿವಾರದ ಊಟ ರಂಜನಾರಿಗೆ ಅಲ್ಲಿಯೇ.

ಪಾಠದ ಸಾಮಾನು ಅವರು ಕೊಳ್ಳುತ್ತಿದ್ದುದು ಸ್ಟೇಷನ್ ರಸ್ತೆಯ ಮಾವಿನ ಗಿಡದ ಕೆಳಗೆ ಕಾಯಿಪಲ್ಲೆ ಮಾರುವ ಫಕ್ಕೀರವ್ವನ ಹತ್ತಿರ. ಮೇಡ್ಲೇರಿಯಿಂದ ಮುಂಜಾನೆಯ ಬಸ್ಸಿಗೆ ಬುಟ್ಟಿ ಏರಿಸಿಕೊಂಡು ಬರುವ ಹೆಂಗಸು. ಗಿಡದ ಬೊಡ್ಡೆಗೆ ಬೆನ್ನು ಹಚ್ಚಿ ಕೂತರೆ ಸಂಜೆವರೆಗೆ ಏಳುತ್ತಿರಲಿಲ್ಲ. ಮೊಳಕೆ ಬಂದ ಬಟಾಟಿಯನ್ನು ಯಾರೂ ಕೊಳ್ಳುವುದಿಲ್ಲ, ಈ ಮೇಡಂ ಮಾತ್ರ ಆರಿಸಿ ಆರಿಸಿ ಅದನ್ನೇ ಒಯ್ಯುತ್ತಾರಲ್ಲ ಎಂದು ಅವಳಿಗೆ ಸೋಜಿಗ.

ಗಿಡದ ಹಿಂದಿನ ಜಾಗವನ್ನು ಪ್ರಾಣೇಶ ಕೊಂಡು ಅಲ್ಲಿ ಸೀರೆ ಅಂಗಡಿ ಕಟ್ಟಿಸಿದ. ಎದುರಿಗೆ ಪೂರ್ತಿ ಗಾಜು. ಆದರೆ ರಸ್ತೆಯಿಂದ ನೋಡಿದರೆ ಗಾಜಿನ ಬದಲು ಮಾವಿನ ಟೊಂಗೆಗಳು ಕಾಣುತ್ತಿದ್ದವು, ಕೆಳಗೆ ಫಕ್ಕೀರವ್ವನ ಬುಟ್ಟಿಗಳು. ಗಿಡ ಸರಕಾರದ್ದು. ಕಡಿಯಲು ಅರ್ಜಿ ಕೊಟ್ಟ, ಹಸಿ ಗಿಡಕ್ಕೆ ಪರವಾನಗಿ ಸಿಗಲಿಲ್ಲ.

ಆ ಬೇಸಿಗೆಯ ಒಂದು ರವಿವಾರ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗ ಅವನ ಮಗಳು ಧನಶ್ರೀ ಪುಸ್ತಕ ಹಿಡಿದು ಬಂದಳು. ಪಿಯುಸಿ ವಿಜ್ಞಾನ ಓದುವ ಹುಡುಗಿ. ಕಾಂಡದ ಪಾಠದಲ್ಲಿ ಒಂದು ಪ್ರಶ್ನೆ ತಿಳಿಯಲೊಲ್ಲದು ಎಂದಳು. ರಂಜನಾ ತಾಟು ಬದಿಗೆ ಸರಿಸಿ ಹೇಳತೊಡಗಿದರು.

"ಕಾಂಡದೊಳಗ ಎರಡು ದಾರಿ ಅದಾವ, ಧನು. ಒಳಗಿನ ಕಟಗಿಯೊಳಗ ನೀರು ಮ್ಯಾಲೆ ಏರ್ತದ. ಹೊರಗಿನ ತೊಗಟಿಯೊಳಗ, ಎಲಿ ಮಾಡಿದ ಅಡಗಿ ಕೆಳಗ ಇಳೀತದ. ಬೊಡ್ಡಿ ಸುತ್ತ ಬಳಿ ತೊಡಿಸಿದಂಗ ತೊಗಟಿ ಸುಲದ್ರ ಏನಾಗ್ತದ ಹೇಳು. ನೀರು ಏರೋದು ನಿಲ್ಲೂದಿಲ್ಲ, ಎಲಿ ಹಸರಾಗೇ ಇರ್ತಾವ. ಬೇರಿಗೆ ಮಾತ್ರ ಉಪವಾಸ. ಬೇರು ಸತ್ತ ಮ್ಯಾಲೆ ಗಿಡ ಸಾಯ್ತದ. ಅಲ್ಲೀತನಕ ನೋಡೋರಿಗೆ ಏನೂ ಗೊತ್ತಾಗೂದಿಲ್ಲ."

ಮಾವಿನ ಶೀಕರಣಿಗೆ ಪೂರಿ ಅದ್ದುತ್ತಿದ್ದ ಪ್ರಾಣೇಶ ತಲೆ ಎತ್ತಿದ. "ಎಷ್ಟು ದಿನ ಹಿಡೀತದ ಸಾಯಲಿಕ್ಕೆ?"

"ದೊಡ್ಡ ಗಿಡ ಇದ್ರ ವರ್ಷಾನೂ ಹಿಡೀಬಹುದು," ಎಂದರು ರಂಜನಾ. ಜವಳಿ ಬಿಟ್ಟು ಬೇರೆ ಮಾತಾಡದ ಅಣ್ಣ ಪಾಠ ಕೇಳಿದನಲ್ಲ ಎಂದು ಅವರಿಗೆ ಖುಷಿಯೇ ಆಯಿತು.

ಮೊದಲ ಮಳೆ ಬಿದ್ದ ವಾರ. ಕಾಲೇಜಿನಿಂದ ಬಂದು ಬಸ್ಸಿಳಿದ ರಂಜನಾರನ್ನು ಫಕ್ಕೀರವ್ವ ಕೈಮಾಡಿ ಕರೆದಳು. "ಅಕ್ಕಾರ, ನನ್ನ ಸೀರಿ ನೋಡ್ರಿ. ನಿನ್ನೆಯಿಂದ ಬೆನ್ನೆಲ್ಲಾ ಅಂಟಂಟು ಆಗಾಕತ್ತೈತಿ. ಈ ಬ್ಯಾನರಿನ ಒಳಗಿಂದ ಏನೋ ಸೋರತೈತ್ರಿ."

ಬೊಡ್ಡೆಗೆ ಪ್ರಾಣೇಶನ ಅಂಗಡಿಯ ಫ್ಲೆಕ್ಸ್ ಬ್ಯಾನರು ಸುತ್ತಿದ್ದರು. 'ಶೀಘ್ರದಲ್ಲೇ ಶುಭಾರಂಭ' ಎಂದು ಅದರ ಮೇಲೆ ಬರೆದಿತ್ತು. ರಂಜನಾ ಹಗ್ಗ ಬಿಚ್ಚಿ ಬ್ಯಾನರು ಎಳೆದರು. ಎದೆಯ ಎತ್ತರಕ್ಕೆ, ನಾಲ್ಕು ಬೆರಳಗಲದ ಉಂಗುರ. ತೊಗಟೆ ಪೂರ್ತಿ ಹೋಗಿ ಬಿಳಿ ಕಟ್ಟಿಗೆ ಬತ್ತಲಾಗಿ ಕಾಣುತ್ತಿತ್ತು. ಮೇಲಿನ ಅಂಚಿನಿಂದ ಸೊನೆ ಇಳಿದಿತ್ತು. ಕುಡುಗೋಲಿನಿಂದ ಹೊಡೆದ ಗಾಯವಲ್ಲ ಅದು, ಯಾರೋ ಕೂತು, ಅಳತೆ ಮಾಡಿ, ಒಂದು ಎಳೆಯೂ ಉಳಿಯದಂತೆ ಸುಲಿದ ಕೆಲಸ.

ರಂಜನಾರಿಗೆ ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಶೀಕರಣಿಯ ತಾಟು ನೆನಪಾಯಿತು.

ಸೀದಾ ಅಣ್ಣನ ಮನೆಗೆ ನಡೆದರು. ಪ್ರಾಣೇಶ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ.

"ಗಿಡದ ತೊಗಟಿ ಯಾರು ಸುಲದ್ರು?"

"ಯಾವ ಗಿಡ?"

"ಅಣ್ಣಾ, ನನ್ನ ಮುಂದ ನಾಟಕ ಬ್ಯಾಡ."

ಅವನು ಬಟ್ಟಲು ಕೆಳಗಿಟ್ಟ. "ಗಿಡ ಯಾರೂ ಕಡದಿಲ್ಲ, ರಂಜೂ. ನಿಂತದ ಅಲ್ಲೇ, ಹಸರಾಗಿ. ನಾಳೆ ಒಣಗಿತು ಅಂದ್ರ ಅದು ಗಿಡದ ಹಣೇಬರಹ. ಒಣಗಿದ ಗಿಡ ತಗೀಲಿಕ್ಕೆ ಯಾರೂ ಅಡ್ಡಿ ಮಾಡೂದಿಲ್ಲ. ಆ ಮುದುಕೀನೂ ಬ್ಯಾರೆ ಕಡೆ ಕೂಡ್ತಾಳ."

"ನಾ ಹುಡುಗಿಗೆ ಪಾಠ ಹೇಳಿದೆ. ನೀ ಅದನ್ನ ಕೊಲ್ಲೋದು ಹ್ಯಾಂಗ ಅಂತ ಕಲತಿ."

ಒಳಗಿನಿಂದ ಸರಸ್ವತೀಬಾಯಿ ಬಂದರು. ವಿಷಯ ತಿಳಿದಾಗ ಮಗಳ ಕೈ ಹಿಡಿದು ಕೂರಿಸಲು ನೋಡಿದರು. "ಮನಿ ಮಾತು ಮನಿಯೊಳಗ ಇರಲಿ, ರಂಜೂ. ಬೀದಿ ಗಿಡದ ಸಲುವಾಗಿ ಒಡಹುಟ್ಟಿದವನ ಕೂಡ ಜಗಳ ತಗೀತಾರೇನು?"

"ಗಿಡ ಬೀದಿಯೊಳಗದ, ಅವ್ವಾ. ಹಂಗಂದ ಮ್ಯಾಲೆ ಮಾತೂ ಬೀದಿದೇ," ಎಂದು ರಂಜನಾ ಎದ್ದರು. ಧನಶ್ರೀ ಬಾಗಿಲ ಸಂದಿನಲ್ಲಿ ನಿಂತು ತಂದೆಯನ್ನೇ ನೋಡುತ್ತಿದ್ದಳು.

ಮರುದಿನ ರಜೆ ಹಾಕಿ ಹಾವೇರಿಯ ಅರಣ್ಯ ಇಲಾಖೆಯ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಮೊಬೈಲಿನಲ್ಲಿದ್ದ ಫೋಟೋಗಳನ್ನು ಹಿಂದೆ ಮುಂದೆ ಸರಿಸಿ ನೋಡಿ, "ಎಲಿ ಹಸಿರದಾವಲ್ರಿ ಮೇಡಂ. ಗಿಡ ಕಡದಿಲ್ಲ. ಕಡದ್ರ ಹೇಳ್ರಿ, ಕೇಸ್ ಹಾಕ್ತೀವಿ," ಎಂದರು.

"ಒಣಗಿದ ಮ್ಯಾಲೆ ಏನು ಮಾಡ್ತೀರಿ?"

"ಒಣಗಿದ್ರ ಅಪಾಯದ ಗಿಡ ಅಂತ ತೆರವಿಗೆ ಪರವಾನಗಿ ಕೊಡ್ತೀವ್ರಿ. ಮಂದಿ ತಲಿ ಮ್ಯಾಲೆ ಬೀಳಬಾರದಲ್ರಿ."

ರಂಜನಾ ಕುರ್ಚಿಯಲ್ಲಿ ಮುಂದೆ ಸರಿದು ಕೂತರು. "ಜೀವ ಇರೋತನಕ ಏನೂ ಆಗಿಲ್ಲ ಅಂತೀರಿ. ಸತ್ತ ಮ್ಯಾಲೆ ಏನೂ ಮಾಡಲಿಕ್ಕೆ ಬರೂದಿಲ್ಲ ಅಂತೀರಿ. ಹಂಗಾದ್ರ ಕೊಂದವನಿಗೆ ನಿಮ್ಮ ಕಚೇರಿನೇ ದಾರಿ ಮಾಡಿ ಕೊಟ್ಟಂಗಾತಲ್ರಿ. ಗಿಡಕ್ಕ ಉಣ್ಣೋ ದಾರಿ ಇಲ್ಲದಂಗ ಮಾಡ್ಯಾರ. ಮನಷ್ಯಾಗ ಹಿಂಗ ಮಾಡಿದ್ರ ಮಾರಿ ಕೆಂಪಗದ ಅಂತ ಸುಮ್ಮನ ಕೂಡ್ತಿದ್ರೇನು?"

ಪಕ್ಕದ ಮೇಜಿನವರು ಇತ್ತ ತಿರುಗಿದರು. ಅಧಿಕಾರಿ ಪೆನ್ನು ತೆಗೆದುಕೊಂಡು, ಯಾರ ಮೇಲೆ ಸಂಶಯ ಎಂದು ಕೇಳಿದರು.

"ಸಂಶಯ ಏನಿಲ್ಲ. ಪ್ರಾಣೇಶ, ಆ ಸೀರಿ ಅಂಗಡಿ ಮಾಲಕ. ನಮ್ಮಣ್ಣ."

ಅಧಿಕಾರಿಯ ಪೆನ್ನು ನಿಂತಿತು. "ಸ್ವಂತ ಅಣ್ಣಾರೇನ್ರಿ? ಬರಕೊಳ್ಳಲ್ಯಾ?"

"ಬರಕೊಳ್ರಿ," ಎಂದರು ರಂಜನಾ.

ದೂರಿನ ದಾರಿ ಕಾಯುತ್ತ ಕೂತರೆ ಬೇರು ಕಾಯುವುದಿಲ್ಲ. ವಾಪಸು ಬಂದವರೇ ಹಲಗೇರಿಯಲ್ಲಿ ಸಸಿ ಬೆಳೆಸಿ ಮಾರುವ ಗಿರಿಯಪ್ಪನ ಮನೆಗೆ ಹೋದರು. ಮಾವಿಗೆ ಕಸಿ ಕಟ್ಟುವುದರಲ್ಲಿ ಅವನದು ಪಳಗಿದ ಕೈ. ಸುಲಿದ ಜಾಗದ ಮೇಲೆ ಅದೇ ಗಿಡದ ಎಳೆಯ ಕಡ್ಡಿಗಳನ್ನು ಸೇತುವೆಯಂತೆ ಕೂರಿಸಿದರೆ, ಆಹಾರ ಇಳಿಯಲು ಮತ್ತೆ ದಾರಿಯಾಗುತ್ತದೆ ಎಂದು ರಂಜನಾ ಓದಿದ್ದರು, ಮಾಡಿ ನೋಡಿರಲಿಲ್ಲ. ಗಿರಿಯಪ್ಪನೂ ಮಾಡಿರಲಿಲ್ಲ.

"ಸಸಿಗೆ ಕಟ್ಟೇನ್ರಿ. ಇಷ್ಟ ದೊಡ್ಡ ಬೊಡ್ಡಿಗೆ ಕಟ್ಟಿಲ್ಲ," ಎಂದ. "ಮಳಿ ಬಿದ್ದೈತಿ, ತೊಗಟಿ ಈಗ ಸಲೀಸ ಬಿಡತೈತಿ. ಹಿಡದ್ರ ಹಿಡೀತು. ಬರ್ರಿ, ನೋಡೂಣು."

ಮರುದಿನ ಮುಂಜಾನೆಯ ತಂಪಿನಲ್ಲಿ ಇಬ್ಬರೂ ಕೆಲಸ ಹಿಡಿದರು. ಗಿರಿಯಪ್ಪ ಗಿಡ ಹತ್ತಿ ಬೆರಳು ದಪ್ಪದ ಕಡ್ಡಿಗಳನ್ನು ಕೊಯ್ದು ಇಳಿಸಿದ. ಯಾವ ತುದಿ ಮೇಲಿನದು, ಯಾವುದು ಕೆಳಗಿನದು ಎಂದು ರಂಜನಾ ಸುಣ್ಣದ ಗುರುತು ಹಾಕಿದರು, ತಲೆಕೆಳಗಾದರೆ ಕಡ್ಡಿ ಹಿಡಿಯುವುದಿಲ್ಲ. ಅವನು ಕಡ್ಡಿಯ ಎರಡೂ ತುದಿಗಳನ್ನು ಓರೆಯಾಗಿ ಕೆತ್ತಿ, ಉಂಗುರದ ಕೆಳಗಿನ ತೊಗಟೆಯೊಳಗೆ ಒಂದನ್ನು, ಮೇಲಿನ ತೊಗಟೆಯೊಳಗೆ ಇನ್ನೊಂದನ್ನು ತೂರಿಸಿ ಸಣ್ಣ ಮೊಳೆ ಹೊಡೆದ. ಬೊಡ್ಡೆಯ ಸುತ್ತಲೂ ಹೀಗೆ ಕಡ್ಡಿಗಳನ್ನು ಕೂರಿಸಿ, ಕೀಲುಗಳಿಗೆ ಮೇಣ ಬಳಿದು ಪ್ಲಾಸ್ಟಿಕ್ ಪಟ್ಟಿ ಬಿಗಿದರು. ಫಕ್ಕೀರವ್ವ ತನ್ನ ಕಾಯಿಪಲ್ಲೆಯ ಗೋಣಿಚೀಲವನ್ನು ಒದ್ದೆ ಮಾಡಿ ಮೇಲೆ ಹೊದಿಸಿದಳು. ದಾರಿಯಲ್ಲಿ ಹೋಗುವವರು ನಿಂತು, ಗಿಡಕ್ಕೆ ಪಟ್ಟಿ ಕಟ್ಟುವುದನ್ನು ಇದೇ ಮೊದಲು ನೋಡುತ್ತಿರುವುದಾಗಿ ನಕ್ಕರು. ಗಾಜಿನ ಆಚೆ ಪ್ರಾಣೇಶ ನಿಂತಿದ್ದ. ಹೊರಗೆ ಬರಲಿಲ್ಲ.

ಅವನ ಅಂಗಡಿಯ ಶುಭಾರಂಭವಾಯಿತು. ರಂಜನಾರಿಗೆ ಕರೆ ಬರಲಿಲ್ಲ. ರವಿವಾರದ ಊಟ ನಿಂತಿತು. ದಸರೆಗೆ ತಾಯಿ ತಾವೇ ರಿಕ್ಷಾ ಮಾಡಿಕೊಂಡು ಹೋಳಿಗೆ ತಂದು ಕೊಟ್ಟು, ಹೊಸ್ತಿಲಿನಿಂದಲೇ ತಿರುಗಿ ಹೋದರು. ಕಚೇರಿಯವರು ಒಮ್ಮೆ ಬಂದು ನೋಡಿ, ಪ್ರಾಣೇಶನಿಗೆ ನೋಟಿಸು ಕೊಟ್ಟರು. ಅವನು ತನಗೇನೂ ಗೊತ್ತಿಲ್ಲ ಎಂದು ಉತ್ತರ ಬರೆದ, ಅಲ್ಲಿಗೆ ಅದು ನಿಂತಿತು. ಸುಲಿದ ಕೈಗೆ ಏನೂ ಆಗಲಿಲ್ಲವಲ್ಲ ಎಂಬ ಕಿಚ್ಚು ರಂಜನಾರನ್ನು ಬಸ್ಸಿನಲ್ಲಿ ಕೂತಾಗಲೂ ಬಿಡಲಿಲ್ಲ.

ಕಡ್ಡಿಗಳಲ್ಲಿ ಕೆಲವು ಒಣಗಿ ಕಪ್ಪಾದವು. ಬಡಗಣ ಭಾಗದ ಒಂದು ದೊಡ್ಡ ಟೊಂಗೆಯೂ ಒಣಗಿ ಹೋಯಿತು. ಆದರೆ ಉಳಿದ ಕಡ್ಡಿಗಳು ಹಿಡಿದವು. ಮುಂದಿನ ಮಳೆಗಾಲಕ್ಕೆ ಅವು ಮಗುವಿನ ಮುಂಗೈಯಷ್ಟು ದಪ್ಪವಾಗಿ, ಮೇಲಿನ ತೊಗಟೆಗೂ ಕೆಳಗಿನದಕ್ಕೂ ಬೆಸೆದುಕೊಂಡವು. ಗಿಡ ಹೊಸ ತಾಮ್ರದ ಬಣ್ಣದ ಚಿಗುರು ಬಿಟ್ಟಿತು. ಈ ವಿಚಿತ್ರ ಬೊಡ್ಡೆಯನ್ನು ನೋಡಲು ಜನ ನಿಲ್ಲತೊಡಗಿದರು, ಮೊಬೈಲಿನಲ್ಲಿ ಫೋಟೋ ತೆಗೆಯತೊಡಗಿದರು.

ಒಂದು ಸಂಜೆ ರಂಜನಾ ಕಾಯಿಪಲ್ಲೆ ಕೊಳ್ಳುತ್ತಿದ್ದಾಗ ಅಂಗಡಿಯ ಬಾಗಿಲು ತೆರೆದಿತ್ತು. ಐರಣಿಯಿಂದ ಮದುವೆ ಜವಳಿಗೆ ಬಂದ ಮನೆತನದವರು ಗಿಡದ ಬಗ್ಗೆ ಕೇಳುತ್ತಿದ್ದರು. ಪ್ರಾಣೇಶನ ಧ್ವನಿ ಹೊರಗೆ ಬಂತು. "ಯಾರೋ ಕಿಡಿಗೇಡಿಗಳು ಸುಲದಿದ್ರು ನೋಡ್ರಿ. ನಮ್ಮ ತಂಗಿ ಕಾಲೇಜಿನ್ಯಾಗ ಮೇಡಂ. ಆಕೀನೇ ಉಳಿಸಿದ್ಲು. ಗಿಡಾ ಅಂದ್ರ ನಮ್ಮ ಮನಿಯವರಿಗೆ ಜೀವ."

ಫಕ್ಕೀರವ್ವ ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ರಂಜನಾ ಚೀಲ ಅವಳ ಮುಂದಿಟ್ಟು, ಮೊದಲ ಸಲ ಆ ಅಂಗಡಿಯ ಮೆಟ್ಟಿಲು ಹತ್ತಿದರು.

"ನಾ ಆ ತಂಗಿ," ಎಂದರು, ಸೀರೆಗಳ ಮುಂದೆ ಕೂತವರಿಗೆ. "ಉಳಿಸಿದ್ದು ನಾ ಒಬ್ಬಾಕೇ ಅಲ್ಲ, ಹಲಗೇರಿ ಗಿರಿಯಪ್ಪ, ಹೊರಗ ಕೂತ ಫಕ್ಕೀರವ್ವ ಇಬ್ರೂ ಇದ್ರು. ಸುಲಿಸಿದ್ದು ಯಾರು ಅನ್ನೋದನ್ನ ನಮ್ಮಣ್ಣ ಹೇಳ್ತಾನ. ಹೇಳಣ್ಣಾ."

ಪ್ರಾಣೇಶ ಕೈಯಲ್ಲಿದ್ದ ಸೀರೆಯ ಮಡಿಕೆ ಸರಿಮಾಡಿದ. ಮತ್ತೊಮ್ಮೆ ಸರಿಮಾಡಿದ.

"ಹೋಗಲಿ ಬಿಡು, ರಂಜೂ," ಎಂದ ಕೊನೆಗೆ, ತಂಗಿಯ ಕಡೆ ನೋಡದೆ.

"ಬಿಡೂದಿಲ್ಲ," ಎಂದರು ರಂಜನಾ. "ಗಿಡ ಉಳಕೊಂಡದ ಅಂತ ನೀ ಮಾಡಿದ್ದು ಅಳಿಸಿ ಹೋಗೂದಿಲ್ಲ. ಇನ್ನೊಮ್ಮೆ ನನ್ನ ಹೆಸರು ಹೇಳಿ ಸೀರಿ ಮಾರಬ್ಯಾಡ."

ಐರಣಿಯ ಆ ಮನೆತನದ ಹಿರಿಯ ಹೆಂಗಸು ಒಮ್ಮೆ ಅಣ್ಣನ ಮುಖ, ಒಮ್ಮೆ ತಂಗಿಯ ಮುಖ ನೋಡಿದಳು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದು, "ಬಾರವಾ, ಇನ್ನೊಂದು ಅಂಗಡ್ಯಾಗ ನೋಡೂಣು," ಎಂದು ಸೊಸೆಗೆ ಹೇಳಿ ಮೆಟ್ಟಿಲಿಳಿದಳು.