ಮೂರನೆಯ ಕಂಬದ ಫೋಟೋ

ನಮ್ಮ ದೊಡ್ಡಮ್ಮ ಫೋನಿನಲ್ಲಿ ತೆಗೆದ ಮೊದಲ ಫೋಟೋದಲ್ಲಿ ಇದ್ದದ್ದು ಅವಳದೇ ಹೆಬ್ಬೆರಳು. ಎರಡನೆಯದರಲ್ಲಿ ಒಂದು ಕಂಬ, ಅದೂ ಅಲ್ಲಾಡಿ ಮಸುಕಾದದ್ದು. ನಗಬೇಡಿ. ಆ ಕಂಬದ ಮೇಲೆ ಇಪ್ಪತ್ತಾರು ಮಕ್ಕಳಿದ್ದವು.

ದೊಡ್ಡಮ್ಮ ಹದಿನಾಲ್ಕು ವರ್ಷದಿಂದ ಒಂದೇ ಕಟ್ಟಡವನ್ನು ಗುಡಿಸಿ ಒರೆಸುತ್ತಿದ್ದಾಳೆ. ನೆಲಮಾಳಿಗೆಯಲ್ಲಿ ಕಾರುಗಳು, ಅದರ ಮೇಲೆಯೇ ಶಿಶುವಿಹಾರ. ಒಂದು ಸೋಮವಾರ ಕಾರು ನಿಲ್ಲಿಸುವ ಜಾಗದ ಮೂರನೆಯ ಕಂಬದಲ್ಲಿ ಓರೆಯಾಗಿ ಒಂದು ಬಿರುಕು ಕಂಡಿತು. ಮ್ಯಾನೇಜರ್‌ಗೆ ಹೇಳಿದಳು.

“ಬಣ್ಣ ಬಿಟ್ಟಿರೋದಮ್ಮ ಅದು. ನೆಲ ನೀವು ನೋಡ್ಕೊಳ್ಳಿ, ಕಂಬ ನಾನು ನೋಡ್ಕೋತೀನಿ.”

ಅವತ್ತು ಸಂಜೆ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಫೋನ್ ಚಾಚಿದಳು. “ಲೇ, ಇದ್ರಲ್ಲಿ ಸರಿಯಾಗಿ ಫೋಟೋ ತೆಗೆಯೋದು ಹೇಳ್ಕೊಡೇ. ನನ್ನ ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ.”

ನನಗೆ ಗೊತ್ತಿದ್ದಷ್ಟು ಹೇಳಿದೆ. ಲೆನ್ಸ್ ಒರೆಸು. ಮೊಣಕೈ ಎದೆಗೆ ಒತ್ತಿಕೋ. ಪರದೆಯಲ್ಲಿ ಬಿರುಕಿನ ಮೇಲೆ ಬೆರಳು ಮುಟ್ಟಿಸು, ಸ್ಪಷ್ಟವಾದ ಮೇಲೆ ಉಸಿರು ಬಿಗಿಹಿಡಿದು ಒತ್ತು. ಮರುದಿನದಿಂದ, ಲಿಫ್ಟಿನಲ್ಲಿ ಅಂಟಿಸಿದ್ದ ಕಟ್ಟಡದ ಎಂಜಿನಿಯರ್ ನಂಬರಿಗೆ ದಿನಕ್ಕೊಂದು ಕಳಿಸತೊಡಗಿದಳು. ಗುರುವಾರ ಉತ್ತರ ಬಂತು: ‘ಮಂಗಳವಾರಕ್ಕಿಂತ ಇವತ್ತು ಬಿರುಕು ಚಿಕ್ಕದಾಗಿದೆಯಲ್ಲ?’

ಅದನ್ನು ಕೇಳಿ ಮ್ಯಾನೇಜರ್ ಬಿದ್ದು ಬಿದ್ದು ನಕ್ಕ. “ಕಂಬಕ್ಕೆ ತಾನಾಗೇ ವಾಸಿ ಆಗ್ತಿದೆ ಅನ್ಸುತ್ತೆ!”

ನಾನು ಮೂರೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ದಿನ ಮೂಗು ತಾಗುವಷ್ಟು ಹತ್ತಿರ, ಇನ್ನೊಂದು ದಿನ ಮೂರು ಮಾರು ದೂರ. ಜೊತೆಗೆ ಫ್ಲಾಷು, ಬಿರುಕೇ ಬೆಳಕಲ್ಲಿ ಮುಚ್ಚಿಹೋಗಿತ್ತು. ಹಾಗಾಗಿ ನಾನು ಹೇಳಿದಂತೆ ದೊಡ್ಡಮ್ಮ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಪಾದ ಬರೆದುಕೊಂಡಳು, ದಿನಾ ಅಲ್ಲೇ ನಿಂತಳು. ಫ್ಲಾಷು ಬಿಟ್ಟು ಪಕ್ಕದಿಂದ ಟಾರ್ಚ್ ಹಿಡಿದಳು. ಅಳತೆಗೆಂದು ಬಿರುಕಿನ ಪಕ್ಕ ಒಂದು ಬೆಂಕಿಕಡ್ಡಿ ಅಂಟಿಸಿದಳು.

ಮುಂದಿನ ಸೋಮವಾರದ ಫೋಟೋ ಕನ್ನಡಿಯಂತಿತ್ತು. ಎಂಜಿನಿಯರ್ ಮಾತ್ರ ಮತ್ತೆ ಕೇಳಿದ: ‘ಕಂಬ ಒಡೆಯುತ್ತಿದ್ದರೆ ಪುಡಿ ಉದುರಬೇಕು. ಎಲ್ಲಿ?’

ನಾನು ಫೋನ್ ಮಾಡಿದೆ. “ಪುಡಿಗಿಡಿ ಏನೂ ಬೀಳ್ತಿಲ್ವಾ ದೊಡ್ಡಮ್ಮ?”

“ಬೀಳುತ್ತೆ ಕಣೇ, ದಿನಾ ಒಂದು ಹಿಡಿ. ಗುಡಿಸಿ, ಕಂಬ ಒರೆಸಿ, ಆಮೇಲೆ ತೆಗೀತೀನಿ. ಕೊಳಕು ಕಂಬದ ಫೋಟೋ ಯಾರಾದ್ರೂ ತೆಗೀತಾರೇನೇ?”

ನಾನು ಕೂಗಿಯೇಬಿಟ್ಟೆ. “ದೊಡ್ಡಮ್ಮಾ! ಆ ಕಂಬದ ಹತ್ರ ಪೊರಕೆ ತಗೊಂಡು ಹೋಗ್ಬೇಡ!”

ಅವಳಿಗೆ ಅದೇ ದೊಡ್ಡ ಶಿಕ್ಷೆ. ಎರಡು ದಿನ ಆ ಕಂಬ ಬಿಟ್ಟು ಸುತ್ತಲೂ ಗುಡಿಸಿದಳು. “ಏನಮ್ಮಾ, ಕಣ್ಣು ಕಾಣಲ್ವಾ?” ಎಂದು ಮ್ಯಾನೇಜರ್ ರೇಗಿದ. “ಕಾಣುತ್ತೆ ಸಾರ್, ಅದಕ್ಕೇ ಬಿಟ್ಟಿದ್ದೀನಿ” ಎಂದಳು.

ಗುರುವಾರದ ಫೋಟೋದಲ್ಲಿ ಕಂಬದ ಬುಡಕ್ಕೆ ಬೂದುಪುಡಿಯ ಗುಡ್ಡೆ, ನಡುವೆ ಉಗುರಗಲದ ಚೂರುಗಳು. ಬಿರುಕಿನಲ್ಲಿ ಎರಡು ಬೆಂಕಿಕಡ್ಡಿ ತೂರುವಷ್ಟು ಜಾಗ, ಅದರೊಳಗೆ ತುಕ್ಕು ಹಿಡಿದ ಕಂಬಿ. ಕಳಿಸಿ ಒಂದು ನಿಮಿಷವಾಗಿಲ್ಲ, ಎಂಜಿನಿಯರ್ ಫೋನ್.

“ಮೇಲೆ ಯಾರಿದ್ದಾರೆ?”

“ಮಕ್ಕಳು ಸಾರ್.”

“ಈಗ್ಲೇ ಹೊರಗೆ ಕರ್ಕೊಂಡು ಬನ್ನಿ. ಯಾರನ್ನೂ ಕೇಳ್ತಾ ಕೂರ್ಬೇಡಿ. ಮಿಕ್ಕ ಮಹಡಿಗಳಿಗೆ ನಾನು ಹೇಳಿಸ್ತೀನಿ.”

ದೊಡ್ಡಮ್ಮ ಮಂಡಿನೋವು ಮರೆತು ಮೆಟ್ಟಿಲು ಹತ್ತಿದಳು. ಶಿಶುವಿಹಾರದ ಟೀಚರ್ ಊಟ ಬಡಿಸುತ್ತಿದ್ದರು. “ಐದು ನಿಮಿಷ ಇರಿ, ತಿಂದು ಮುಗಿಸ್ಲಿ.”

“ತಟ್ಟೆ ಬಿಡ್ರೀ, ಮಕ್ಕಳನ್ನ ಎತ್ಕೊಳ್ಳಿ!”

ಬರಿಗಾಲಲ್ಲಿ, ಎಂಜಲು ಕೈಯಲ್ಲಿ ಇಪ್ಪತ್ತಾರೂ ಮಕ್ಕಳು ರಸ್ತೆಯಾಚೆ ಬಂದವು. ಮ್ಯಾನೇಜರ್ ಓಡಿಬಂದ. “ನನ್ನನ್ನ ಒಂದು ಮಾತು ಕೇಳ್ಬಾರ್ದಾ?” ಅವನ ಮಾತು ಮುಗಿಯುವಷ್ಟರಲ್ಲಿ ನೆಲಮಾಳಿಗೆಯಿಂದ ‘ಲಟ್’ ಎಂದು ಸದ್ದು ಬಂತು. ಕಂಬದ ಒಂದು ಮಗ್ಗುಲು ಕಳಚಿ ಕಾರಿನ ಮೇಲೆ ಬಿದ್ದಿತ್ತು.

ಸಂಜೆಯ ಹೊತ್ತಿಗೆ ಕಟ್ಟಡ ಖಾಲಿ. ಕಂಬದ ಸುತ್ತ ಕಬ್ಬಿಣದ ಆಸರೆ ಕೊಡುತ್ತಿದ್ದರು. ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಬಂದು ಮಕ್ಕಳನ್ನು ಕರೆದೊಯ್ದರು. ಕೊನೆಯ ಮಗುವಿನ ತಾಯಿ ಆಫೀಸಿನಿಂದ ಸಿಡುಕುತ್ತಲೇ ಬಂದಳು.

“ಅಂಥದ್ದೇನಾಯ್ತು ಅಂತ ಮಕ್ಕಳನ್ನ ಬೀದಿಗೆ ತಂದು ನಿಲ್ಸಿದ್ದೀರಿ?”

ದೊಡ್ಡಮ್ಮ ಆ ಫೋಟೋ ತೆರೆದು ಫೋನ್ ಕೊಟ್ಟಳು. ಆಕೆ ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದಳು. ಆಮೇಲೆ ಮಗುವನ್ನು ಅವಚಿಕೊಂಡು ದೊಡ್ಡಮ್ಮನ ಪಕ್ಕ ಫುಟ್‌ಪಾತಿನ ಮೇಲೆಯೇ ಕೂತುಬಿಟ್ಟಳು.