ಕಣ್ಣ ಕೆಳಗಿನ ಬೆರಳು

ದೈವದ ಸೂಚನೆ, ಮೈಮೇಲೆ ಬರುವುದು, ಇಂಥ ಮಾತು ಬಂದರೆ ನಾನು ಮೊದಲಿನಿಂದಲೂ ಮೂಗು ಮುರಿಯುವವಳು. ಗಡಹಿಂಗ್ಲಜದ ಶಾಲೆಯಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಬುಡವಿಲ್ಲದ ಕತೆಗಳು ಹಿಡಿಸುವುದಿಲ್ಲ. ನೀವೂ ಹಾಗೇ ಇದ್ದರೆ ಇದನ್ನು ನಂಬಿ ಎಂದು ನಾನೇನೂ ಒತ್ತಾಯ ಮಾಡುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ನನ್ನ ತಮ್ಮ ಇಚಲಕರಂಜಿಯಲ್ಲಿ ಮಗ್ಗದ ಶೆಡ್ಡು ನಡೆಸುತ್ತಾನೆ. ಕೆಲವು ವರ್ಷಗಳ ಹಿಂದೆ ಇಟಲಿಯಿಂದ ಹೊಸ ಮಗ್ಗ ತರಿಸಿದ. ಅದನ್ನು ಜೋಡಿಸಿಕೊಡಲು ಅಲ್ಲಿಂದಲೇ ಒಬ್ಬ ಮೆಕ್ಯಾನಿಕ್ ಬಂದಿದ್ದ. ದುಭಾಷಿಯಾಗಿ ನಾನು ಬಹಳ ಠೀವಿಯಿಂದ ಹೋದೆ. ಶೆಡ್ಡಿನೊಳಗೆ ಹಳೆಯ ಮಗ್ಗಗಳ ಸದ್ದು ಎಷ್ಟಿತ್ತೆಂದರೆ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳದು. ತಮ್ಮ ನನ್ನನ್ನು ಹೊರಗೆ ಕರೆದು, "ಅಕ್ಕಾ, ನಿನ್ನ ಇಂಗ್ಲಿಷ್ ಇಲ್ಲಿ ನಡ್ಯಾಂಗಿಲ್ಲ. ಕೈಲೇ ಮಾತಾಡು," ಎಂದ.

ಸನ್ನೆಯಲ್ಲೂ ಎಡವಟ್ಟೇ ಆಯಿತು. ನಮ್ಮ ನೇಕಾರ ಬಾಳಪ್ಪ ಹೌದು ಎಂದು ಕತ್ತು ಆಡಿಸಿದರೆ ಮೆಕ್ಯಾನಿಕ್ ಇಲ್ಲ ಎಂದು ತಿಳಿದು ಕೈಯಲ್ಲಿದ್ದ ಪಾನಾ, ಅಂದರೆ ಸ್ಪ್ಯಾನರು, ಕೆಳಗಿಡುತ್ತಿದ್ದ. ಇಬ್ಬರ ಫಜೀತಿ ನೋಡಿ ಮಧ್ಯಾಹ್ನದವರೆಗೂ ನಕ್ಕಿದ್ದೆವು.

ಊಟವಾದ ಮೇಲೆ ಮೆಕ್ಯಾನಿಕ್ ಹೊಸ ಮಗ್ಗದ ಹಿಂದೆ ಬಗ್ಗಿ, ಬಲಗೈಯನ್ನು ಮೊಣಕೈವರೆಗೆ ಒಳಗೆ ಇಳಿಸಿದ್ದ. ಮುಂದೆ ನಿಂತ ಬಾಳಪ್ಪನಿಗೆ ಅವನ ತಲೆ ಮಾತ್ರ ಕಾಣುತ್ತಿತ್ತು. ಶುರು ಮಾಡಲೇ ಎಂದು ಬಾಳಪ್ಪ ಬೆರಳು ತಿರುಗಿಸಿ ಕೇಳಿದ. ಬೇಡ ಎಂದು ಅವನು ತಲೆ ಅಲ್ಲಾಡಿಸಿದ. ಬಾಳಪ್ಪನಿಗೆ ಅದು ಹೂಂ ಅಂದಂತೆ ಕಂಡಿತು. ನನಗೆ ಬೆನ್ನು ಮಾಡಿ ಸ್ವಿಚ್ಚಿನ ಕಡೆ ನಡೆದ.

ಇಬ್ಬರೂ ಕಾಣುವಂತೆ ದೂರದ ಗೋಡೆಯ ಹತ್ತಿರ ನಿಂತಿದ್ದ ನಾನು ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ಬೇಡ, ಬೇಡ ಎಂದು ಮೆಕ್ಯಾನಿಕ್‌ನತ್ತ ಅಂಗೈ ಬೀಸಿದೆ. ಟಾಟಾ ಮಾಡುತ್ತಿದ್ದೇನೆಂದುಕೊಂಡ ಪುಣ್ಯಾತ್ಮ ನಕ್ಕು, ಎಡಗೈ ಎತ್ತಿ ತಾನೂ ಬೀಸಿದ.

ಆಮೇಲಿನದು ನಾನು ಮಾಡಿದ್ದಲ್ಲ. ನನ್ನ ಕೈ ತಾನಾಗಿ ಮುಖಕ್ಕೆ ಬಂತು. ತೋರುಬೆರಳು ಕಣ್ಣಿನ ಕೆಳರೆಪ್ಪೆಯನ್ನು ಒತ್ತಿ ಕೆಳಗೆ ಎಳೆಯಿತು. ರಕ್ತ ಕಡಿಮೆಯಾಗಿದೆಯೇ ಎಂದು ಡಾಕ್ಟರು ನೋಡುತ್ತಾರಲ್ಲ, ಹಾಗೆ. ನಮ್ಮಲ್ಲಿ ಅದಕ್ಕೆ ಬೇರೆ ಅರ್ಥ ಇರುವುದು ನನಗಂತೂ ಗೊತ್ತಿಲ್ಲ.

ಅವನ ನಗು ಮಾಯವಾಯಿತು. ಕೈ ಕಿತ್ತುಕೊಂಡು ಹಿಂದಕ್ಕೆ ಹಾರಿದ. ಅಷ್ಟರಲ್ಲಿ ಮಗ್ಗ ಧಡಧಡ ಓಡತೊಡಗಿತು.

ಹೊರಗೆ ಬಂದು ಹರಕು ಇಂಗ್ಲಿಷಿನಲ್ಲಿ ಹೇಳಿದ: ಅವನ ದೇಶದಲ್ಲಿ ಆ ಸನ್ನೆಗೆ ಹುಷಾರು ಎಂದರ್ಥವಂತೆ. ಚಿಕ್ಕವನಿದ್ದಾಗ ಬಾವಿಯ ಹತ್ತಿರ ಹೋದರೆ ತಾಯಿ ಹಾಗೇ ಕಣ್ಣೆಳೆದು ತೋರಿಸುತ್ತಿದ್ದಳಂತೆ. ನಿಮಗೆ ಯಾರು ಕಲಿಸಿದರು ಎಂದು ಕೇಳಿದ. ಯಾರೂ ಇಲ್ಲ ಎಂದೆ. ಅವನು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಯಾವುದೋ ಸಿನಿಮಾದಲ್ಲಿ ನೋಡಿದ್ದೆನೇನೋ ಎಂದು ಎಷ್ಟೋ ಸಲ ತಲೆ ಕೆರೆದುಕೊಂಡಿದ್ದೇನೆ. ಒಂದೂ ನೆನಪಿಗೆ ಬಂದಿಲ್ಲ.

ಬಾಳಪ್ಪ ಕೈಮುಗಿಯುತ್ತ ಬಂದ. "ಅಕ್ಕಾರ, ನನ್ನ ಕೈಲೇ ಭಾಳ ದೊಡ್ಡ ಪಾಪ ಆಗ್ತಿತ್ರಿ. ನೀವು ಉಳಿಸಿದ್ರಿ."

"ನಾ ಅಲ್ಲಪಾ," ಎಂದೆ. ಅವನು ನಂಬಲಿಲ್ಲ.

ಸಂಜೆ ಹೊಸ ಮಗ್ಗದಿಂದ ಮೊದಲ ಬಟ್ಟೆ ಇಳಿಯಿತು. ತಮ್ಮ ಎಲ್ಲರಿಗೂ ಪೇಢೆ ಹಂಚಿದ. ನನ್ನ ಬೆರಳು ನನಗೆ ಬಾರದ ಮಾತನ್ನು ಹೇಗೆ ಆಡಿತೋ, ಇವತ್ತಿಗೂ ತಿಳಿದಿಲ್ಲ. ಹಾಗೆಂದು ಆ ಸಂಜೆಯ ಹಿಗ್ಗೇನೂ ಕಡಿಮೆಯಾಗಿಲ್ಲ. ಮೆಕ್ಯಾನಿಕ್ ಬಲಗೈ ಚಾಚಿ ಪೇಢೆ ತೆಗೆದುಕೊಂಡ. ನಾನು ಎಣಿಸಿದೆ, ಐದೂ ಬೆರಳು ಇದ್ದವು.