ಆಷಾಢಕ್ಕೆ ಮೊದಲು ನೆಟ್ಟ ಕಂಬ

ಕೃಷ್ಣಮೂರ್ತಿಪುರಂನ ಸರ್ವಮಂಗಳಾಗೆ ಸಿಟ್ಟು ಬಂದರೆ ಸಾಮಾನ್ಯವಾಗಿ ದಪ್ಪ ಮೆಣಸಿನಕಾಯಿಯ ಮೇಲೆ ಬರುತ್ತಿತ್ತು. ಗಂಡನ ಮೇಲೂ ಬರುತ್ತಿತ್ತು ಅನ್ನಿ. ಆದರೆ ಪ್ರಭುಸ್ವಾಮಿ ಬೈಸಿಕೊಂಡಷ್ಟೂ ನಗುವ ಆಸಾಮಿ. ಅಂಥವನ ಮೇಲೆ ಕೋಪ ಮಾಡಿಕೊಂಡು ದಕ್ಕುವುದಾದರೂ ಏನು? ಮೆಣಸಿನಕಾಯಿಯ ಕಥೆ ಬೇರೆ. ಹೊರಗೆ ಮದುಮಗನ ಹಾಗೆ ಮಿರಮಿರ ಮಿಂಚುವುದು, ಚಾಕು ಇಟ್ಟರೆ ಒಳಗೆಲ್ಲ ಹುಳ!

ಅವಳ ಕಸುಬೇ ತರಕಾರಿ ಹೆಚ್ಚಿಕೊಡುವುದು. ಬೋಗಾದಿಯ ಕಡೆ ಓದುವ ಮಕ್ಕಳಿಗೆಂದು ಸಾಲಾಗಿ ಪಿ.ಜಿ.ಗಳು ಎದ್ದಿವೆಯಲ್ಲ, ಅವುಗಳ ಅಡುಗೆಮನೆಗೆ ಹುಳಿಗೆ ಬೇಕಾದ್ದನ್ನು ಹುಳಿಗೆ, ಪಲ್ಯಕ್ಕೆ ಬೇಕಾದ್ದನ್ನು ಪಲ್ಯಕ್ಕೆ ಎಂದು ಹೆಚ್ಚಿ, ಬೆಳಗಾಗುತ್ತಲೇ ಕಳಿಸುತ್ತಿದ್ದಳು. ಹಿತ್ತಲ ಶೆಡ್ಡಿನಲ್ಲಿ ನಾಲ್ಕು ಜನ ಹೆಂಗಸರು ಕೂತು ಹೆಚ್ಚುತ್ತಿದ್ದರು. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಕೆಲಸಕ್ಕೇನೂ ಕಮ್ಮಿಯಿರಲಿಲ್ಲ. ಆದರೆ ಮಳೆಗಾಲ ಬಂತೆಂದರೆ ಮಾರುಕಟ್ಟೆಯ ಮೆಣಸಿನಕಾಯಿ, ಸೌತೆಕಾಯಿ ಎಲ್ಲ ಕೊಳೆತು ಕೂರುತ್ತಿದ್ದವು. ಬೆಳೆದವನು ಎಲ್ಲೋ ಇರುತ್ತಿದ್ದ, ಪಿ.ಜಿ.ಯವರ ಕೈಲಿ ಮಾತು ಕೇಳುವವಳು ಇವಳು.

ಒಂದು ದಿನ ಪ್ರಭುಸ್ವಾಮಿ ಕಾಫಿ ಕುಡಿಯುತ್ತಾ, "ಅಷ್ಟು ಕೋಪ ಇದ್ರೆ ನೀನೇ ಬೆಳ್ಕೊ ತಾಯಿ. ಅಮ್ಮನ ಜಮೀನು ಸುಮ್ನೆ ಬಿದ್ದೈತಲ್ಲ" ಅಂದ. ಅವನು ಅಂದದ್ದು ತಮಾಷೆಗೆ. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಮ್ಮನ ಜಮೀನು ಎಂದರೆ ಕಡಕೊಳದ ಹತ್ತಿರದ ಒಂದು ಎಕರೆ. ಅತ್ತೆ ದೇವಿರಮ್ಮನಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಎಂಬತ್ತರ ಹತ್ತಿರ ಬಂದಿದ್ದರೂ ದೇವಿರಮ್ಮನ ದನಿ ಬೀದಿಯ ಆ ತುದಿಗೆ ಕೇಳುತ್ತಿತ್ತು. ಪಾಲಿಹೌಸು ಎಂದರೆ ಕಬ್ಬಿಣದ ಕಂಬ ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಸುತ್ತ ಬಲೆ ಕಟ್ಟಿ ಒಳಗೆ ಬೆಳೆ ಬೆಳೆಯುವುದು ಎಂದು ಸೊಸೆ ವಿವರಿಸಿದಾಗ ಅವರು ಕಣ್ಣು ಕಿರಿದು ಮಾಡಿದರು.

"ಗಿಡನೆಲ್ಲ ಸೊಳ್ಳೆಪರದೆ ಒಳಗೆ ಮಲಗಿಸ್ತೀಯ ಅನ್ನು. ಆಗ್ಲಿ ಬುಡು. ಜಮೀನು ಮಡಿಕಂಡು ನಾನೇನು ತಲೆ ಮೇಲೆ ಹೊತ್ಕಂಡು ಹೋಗ್ತೀನಾ?"

ಪಹಣಿ ದೇವಿರಮ್ಮನ ಹೆಸರಿನಲ್ಲಿದ್ದದ್ದರಿಂದ ಅರ್ಜಿಯೂ ಅವರ ಹೆಸರಿನಲ್ಲೇ ಹೋಗಬೇಕಿತ್ತು. ಅಲ್ಲಿಂದ ಶುರುವಾಯಿತು ನೋಡಿ ಅಲೆದಾಟ! ಅತ್ತೆಗೆ ರೈತರ ನೋಂದಣಿ ಸಂಖ್ಯೆ ಮಾಡಿಸಬೇಕು, ಬೋರಿಗೆ ಕರೆಂಟು ಇದೆಯೆಂದು ತೋರಿಸಬೇಕು, ಇಲಾಖೆ ಒಪ್ಪಿದ ಕಂಪನಿಯಿಂದಲೇ ದರಪಟ್ಟಿ ತರಬೇಕು, ಮಣ್ಣು ನೀರು ಎರಡನ್ನೂ ಪರೀಕ್ಷೆ ಮಾಡಿಸಬೇಕು. ಬೋರಿನ ನೀರನ್ನು ಕಿತ್ತಳೆ ಬಣ್ಣದ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಹಿಡಿದು ತಂದ ಪ್ರಭುಸ್ವಾಮಿಗೆ ಪ್ರಯೋಗಾಲಯದವರು, "ಏನ್ ಸಾರ್, ಹೊಲದಲ್ಲಿ ಜ್ಯೂಸ್ ಬರ್ತದಾ?" ಎಂದು ಕೇಳಿ ವಾಪಸ್ ಕಳಿಸಿದರು. ಅವನು ಅಲ್ಲೂ ನಕ್ಕು ಬಂದ. ಸರ್ವಮಂಗಳಾ ಮಾತ್ರ ಒಂದೊಂದು ಕಾಗದ ಸೇರಿದಾಗಲೂ ಮದುವೆಗೆ ಒಂದೊಂದು ಒಡವೆ ಕೂಡಿಸಿದವಳ ಹಾಗೆ ಹಿಗ್ಗುತ್ತಿದ್ದಳು. ಐವತ್ತರ ಹೊಸ್ತಿಲಲ್ಲಿ ತನ್ನದೆನ್ನುವ ಒಂದು ಬೆಳೆ ನೋಡಬೇಕೆಂಬ ಆಸೆ ಅವಳಿಗೆ ಹಾಗೆ ಹತ್ತಿಬಿಟ್ಟಿತ್ತು.

ತೋಟಗಾರಿಕೆ ಅಧಿಕಾರಿ ಅಕ್ಷತಾ ಚಿಕ್ಕ ವಯಸ್ಸಿನವಳು, ಮಾತು ಮೆತ್ತಗೆ, ನಿಯಮ ಮಾತ್ರ ಗಟ್ಟಿ. ಮೊದಲ ದಿನವೇ ಹೇಳಿದ್ದಳು: "ನೋಡಿ ಮೇಡಂ, ಕಾರ್ಯಾದೇಶ ನಿಮ್ಮ ಕೈಗೆ ಬರೋವರೆಗೂ ಜಮೀನಲ್ಲಿ ಯಾವ ಕೆಲಸಾನೂ ಶುರು ಮಾಡಬೇಡಿ. ಬರೀ ನೆಲ ಇದ್ದಾಗ ನಾನು ಬಂದು ಫೋಟೋ ತೆಗೀಬೇಕು. ಮೊದಲೇ ಶುರು ಮಾಡಿದ್ರೆ ಸಹಾಯಧನ ಸಿಗಲ್ಲ."

ಸಹಾಯಧನವೆಂದರೆ ಅರ್ಧ ಖರ್ಚು. ಅದಿಲ್ಲದೆ ಪಾಲಿಹೌಸು ಇವರ ಶಕ್ತಿಗೆ ಮೀರಿದ್ದು. ಸರ್ವಮಂಗಳಾ ಈ ಮಾತನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದಳು, ಅತ್ತೆಗೂ ಹೇಳಿದಳು. ಅತ್ತೆ, "ಸರಿ ಕಣವ್ವ, ಕೆಲ್ಸ ಯಾರು ಮಾಡ್ತಾರೆ" ಅಂದರು.

ಆಮೇಲೆ ಅವಳು ಪಾಲಿಹೌಸ್ ಬೇಸಾಯದ ತರಬೇತಿಗೆಂದು ಕೆಲವು ದಿನ ಬೆಂಗಳೂರಿಗೆ ಹೋದಳು. ಸಂಜೆ ವಾಪಸ್ ಬಂದರೆ, ಮಾರನೆಯ ಬೆಳಗ್ಗೆಯೇ ಸ್ಥಳ ಪರಿಶೀಲನೆ. ಅಕ್ಷತಾಳ ಜೊತೆ ಜೀಪಿನಲ್ಲಿ ಕಡಕೊಳದ ಹೊಲಕ್ಕೆ ಇಳಿದವಳು ಅಲ್ಲೇ ಕಲ್ಲಾಗಿ ನಿಂತಳು.

ಹೊಲದ ಈಶಾನ್ಯ ಮೂಲೆಯಲ್ಲಿ ಆಳೆತ್ತರದ ಕಬ್ಬಿಣದ ಕಂಬ! ಬುಡಕ್ಕೆ ಕಾಂಕ್ರೀಟು, ಮೈಗೆ ಅರಿಶಿನ, ಅಡ್ಡ ವಿಭೂತಿ, ಕುತ್ತಿಗೆಗೆ ಚೆಂಡುಹೂವಿನ ಹಾರ. ಪಕ್ಕದಲ್ಲಿ ದೇವಿರಮ್ಮ ಕೋಸಂಬರಿಯ ಡಬ್ಬಿ ಹಿಡಿದು ನಿಂತಿದ್ದರು. ಪಾಲಿಹೌಸ್ ಕಟ್ಟುವ ಕಂಪನಿಯ ಬೀರೇಶ್ ಮುಖ ಎತ್ತಿ ಆಕಾಶ ನೋಡುತ್ತಿದ್ದ.

"ಆಷಾಢ ಹುಟ್ಟಿಬುಟ್ರೆ ಒಂದು ತಿಂಗಳು ಒಳ್ಳೆ ಕೆಲ್ಸ ಇಲ್ಲ ಅಂತ, ಮೊದಲೇ ಗುದ್ದಲಿ ಪೂಜೆ ಮುಗಿಸಿಬುಟ್ಟೆ ಕಣೆ" ಎಂದರು ದೇವಿರಮ್ಮ ಹೆಮ್ಮೆಯಿಂದ. "ನಾನು ಮೂರು ಗುದ್ದಲಿ ಮಣ್ಣು ತೆಗಿ ಅಂದೆ ಅಷ್ಟೇಯ. ಈ ಬೀರೇಶಪ್ಪ ಒಳ್ಳೆ ಮನ್ಸ, ಮದುವೆ ಚಪ್ಪರಕ್ಕೆ ಹಾಲುಗಂಬ ನೆಟ್ಟಂಗೆ ಕಂಬನೇ ನೆಟ್ಟುಕೊಟ್ಟ. ಹಾಲು ತುಪ್ಪ ಬುಟ್ಟೆ. ಪೂಜೆ ಕೆಲ್ಸ ಅಲ್ಲವಲ್ಲ!"

ಬೀರೇಶ್ ಸರ್ವಮಂಗಳಾಳ ಕಿವಿಯ ಹತ್ತಿರ ಬಂದು, "ಬೋರ್ಡ್ ತೂಗಾಕಕ್ಕೆ ನೆಟ್ಟಿದ್ದು ಅನ್ನಿ ಮೇಡಂ" ಎಂದು ಪಿಸುಗುಟ್ಟಿದ. ದೇವಿರಮ್ಮನ ಕಿವಿ ಚುರುಕು. "ಬೋರ್ಡಿಗಲ್ಲ ಕಣಪ್ಪ, ಪಾಲಿಹೌಸಿಂದೇ ಮೊದಲ್ನೇ ಕಂಬ ಅಂತ ನೀನೇ ಹೇಳಿದ್ಯಲ್ಲ" ಎಂದು ಜೋರಾಗಿ ತಿದ್ದಿ, ಪಕ್ಕದ ಹೊಲದವರಿಗೆ ಕೋಸಂಬರಿ ಕೊಡಲು ಹೊರಟುಹೋದರು.

ಅಕ್ಷತಾ ಫೋಟೋ ತೆಗೆಯಲು ಎತ್ತಿದ್ದ ಮೊಬೈಲನ್ನು ಕೆಳಗಿಳಿಸಿದಳು. "ನಾನು ಕಂಡದ್ದನ್ನ ಬಚ್ಚಿಡಲ್ಲ ಮೇಡಂ. ಪೂಜೆಗೆ ಒಂದು ಕಂಬ ನೆಟ್ಟಿದ್ರು, ತೆಗೆಸಿ ಅಂತ ಹೇಳಿದೀನಿ ಅಂತ ಬರೀತೀನಿ. ಸೋಮವಾರ ಮತ್ತೆ ಬರ್ತೀನಿ. ನೆಲ ಮೊದಲಿನ ಹಂಗೆ ಇದ್ರೆ ಮೇಲಿನವರಿಗೆ ಕಳಿಸ್ತೀನಿ, ಅವರು ಒಪ್ಪಬಹುದು. ಕಂಬ ಇದ್ರೆ ಮಾತ್ರ ಈ ವರ್ಷ ಮರೆತುಬಿಡಿ."

ಸರ್ವಮಂಗಳಾಗೆ ಒಂದು ದಾರಿ ಸಿಕ್ಕಿತು, ಬೆನ್ನಿಗೇ ಅತ್ತೆಯ ನೆನಪಾಯಿತು. ಪೂಜೆಯಾದ ಕಂಬವನ್ನು ಆಷಾಢದಲ್ಲಿ ಕೀಳುವುದೇ? ಹಾಲುಗಂಬ ಅಲುಗಿದರೆ ಮದುವೆಯೇ ಮುರಿದಂತೆ ಎನ್ನುವ ಜೀವ ಅದು. ಈ ಮಾತು ಕೇಳಿದರೆ ಅತ್ತೆ ಜಮೀನಿನ ಮೇಲೆ ಕಾಲಿಡಲೂ ಬಿಡುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ಮನಸ್ಸಿಗೆ ಹಚ್ಚಿಕೊಂಡು ಊಟ ಬಿಟ್ಟಾರು. ಹಾಗೆಂದು ಪಾಲಿಹೌಸು ಬಿಡಲು ಅವಳ ಕೈಲಾಗಲಿಲ್ಲ. ಮನೆಗೆ ಬಂದವಳು ಗಂಡನಿಗೊಬ್ಬನಿಗೇ ಹೇಳಿದಳು: "ನಾಡಿದ್ದು ಆಷಾಢ ಶುಕ್ರವಾರ, ಅತ್ತೇನ ಬೆಟ್ಟಕ್ಕೆ ಕರ್ಕೊಂಡು ಹೋಗಿ. ಅಷ್ಟರಲ್ಲಿ ನಾನು ಕಂಬ ತೆಗೆಸ್ತೀನಿ. ಆಮೇಲೆ ಗಾಳಿಗೆ ಬಿತ್ತು ಅಂದ್ರಾಯ್ತು."

ಶುಕ್ರವಾರ ಮೈಸೂರಿಗೆ ಮೈಸೂರೇ ಚಾಮುಂಡಿ ಬೆಟ್ಟದ ಕಡೆ ಹೊರಟಿದ್ದರೆ ಸರ್ವಮಂಗಳಾ ಕಡಕೊಳದ ಬಸ್ಸು ಹತ್ತಿದಳು. ಬೀರೇಶ್ ಹಾರೆ ತಂದಿದ್ದ. ಮಹಾನುಭಾವ ಕಾಂಕ್ರೀಟನ್ನು ಎಷ್ಟು ಚೆನ್ನಾಗಿ ಹಾಕಿದ್ದನೆಂದರೆ, ಅವನಿಗೇ ಬೆವರಿಳಿಯಿತು.  ಕಂಬ ಇನ್ನೇನು ಅಲುಗಬೇಕು, ಬದುವಿನ ಮೇಲೆ ಪ್ರಭುಸ್ವಾಮಿಯ ಸ್ಕೂಟರು ಬಂದು ನಿಂತಿತು. ಹಿಂದೆ ದೇವಿರಮ್ಮ! ಅಮ್ಮನ ಮುಂದೆ ಒಂದು ಸುಳ್ಳನ್ನು ಪೂರ್ತಿ ಹೇಳಿ ಮುಗಿಸಿದ ಚರಿತ್ರೆಯೇ ಅವನಿಗಿರಲಿಲ್ಲ.

"ಹಾರೆ ಕೆಳಗಿಡು" ಎಂದರು ದೇವಿರಮ್ಮ.

ಬೀರೇಶ್ ಇಟ್ಟ. ಸರ್ವಮಂಗಳಾ ಎದುರಿಗೆ ಬಂದಳು. "ಅತ್ತೆ, ಕಂಬ ಇದ್ರೆ ಅರ್ಜಿ ಬಿದ್ದೋಗುತ್ತೆ ಅಂದ್ರು... ಅದಕ್ಕೆ..." ಎಂದಳು. 

ದೇವಿರಮ್ಮ ಕಂಬದ ಹತ್ತಿರ ಹೋಗಿ, ಅದರ ಮೇಲೆ ಹಾರಿದ್ದ ಸಿಮೆಂಟಿನ ಧೂಳನ್ನು ಸೆರಗಿನಲ್ಲಿ ಒರೆಸಿದರು. ಕೈಚೀಲದಿಂದ ಬಾಳೆಎಲೆಯ ಪೊಟ್ಟಣ ತೆಗೆದು ಬುಡದಲ್ಲಿ ಬಿಚ್ಚಿದರು. ಮೊಸರನ್ನ.

"ಪರಸ್ಥಳಕ್ಕೆ ಹೋಗೋರನ್ನ ಹೊಟ್ಟೆಗಿಕ್ಕದೆ ಕಳಿಸ್ತಾರೇನೆ?" ಎಂದರು. "ವರ್ಷಾ ವರ್ಷಾ ಗೌರಮ್ಮನ್ನ ಕೂರಿಸ್ತೀವಿ, ಮಡಿಲು ತುಂಬ್ತೀವಿ, ಬುತ್ತಿ ಕಟ್ಟಿ ನಮ್ಮ ಕೈಯಾರೆ ನೀರಿಗೆ ಬುಡ್ತೀವಿ. ಹೋಗಿ ಬಾರಮ್ಮ ಅಂತೀವಿ. ಬರಲ್ವಾ ಅವಳು? ಗೌರಮ್ಮನಿಗಿಂತ ಹೆಚ್ಚೇನೆ ಈ ಕಬ್ಬಿಣದ ಕಂಬ?"

ಸರ್ವಮಂಗಳಾ ಮೊಸರನ್ನವನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದಳು.

"ಕಂಬ ಕೀಳೋದು ಅಪಶಕುನ ಅಲ್ಲ ಕಣೆ ಮಂಗಳಾ. ನನ್ನ ಬೆಟ್ಟಕ್ಕೆ ಸಾಗಹಾಕಿ ಕೀಳಕ್ಕೆ ಬಂದ್ಯಲ್ಲ, ಅದು ಅಪಶಕುನ. ಇಷ್ಟು ವರ್ಷ ಒಂದೇ ಒಲೆ ಮುಂದೆ ಕೂತು ಬೆಂದಿದೀವಿ. ಒಂದು ಮಾತು ಕೇಳ್ಬಾರದಾಗಿತ್ತಾ?"

ಅವಳಿಗೆ ಅಳು ಬಂದುಬಿಟ್ಟಿತು. ತಡೆಯಲೂ ಇಲ್ಲ. "ತಪ್ಪಾಯ್ತು ಅತ್ತೆ" ಎಂದು ಅತ್ತೆಯ ಕೈ ಹಿಡಿದುಕೊಂಡಳು. "ಸಾಕು ಬುಡು, ಆಮೇಲೆ ಅಳೀವಂತೆ. ಬಿಸಿಲೇರ್ತದೆ" ಎಂದು ಗದರಿ, ದೇವಿರಮ್ಮ ಕಂಬಕ್ಕೆ ಆರತಿ ಎತ್ತಿದರು. ಆಮೇಲೆ ತಾವೇ ಮೊದಲು ಹಾರೆಗೆ ಕೈ ಹಚ್ಚಿದರು. ನಾಲ್ಕೂ ಜನ ಸೇರಿ ಕಿತ್ತರು. ಬೀರೇಶ್ ಗುಳಿ ಮುಚ್ಚಿದ. ಮೊಸರನ್ನದಲ್ಲಿ ಕಂಬಕ್ಕೆ ಎಡೆಯಿಟ್ಟು ಉಳಿದದ್ದನ್ನು ಎಲ್ಲರೂ ಅಲ್ಲೇ ಬದುವಿನ ಮೇಲೆ ಕೂತು ತಿಂದರು.

ಸೋಮವಾರ ಅಕ್ಷತಾ ಬಂದಳು. ನೆಲ ನೋಡಿ ಮುಖ ಅರಳಿಸಿದಳು. "ಮೇಲಿನವರನ್ನ ಮೊದಲೇ ಕೇಳಿದೀನಿ ಅಜ್ಜಿ, ನೆಲ ಖಾಲಿ ಇದ್ರೆ ಒಪ್ತೀವಿ ಅಂದಿದ್ದಾರೆ. ಆದೇಶ ಇದೇ ಆಷಾಢದಲ್ಲೇ ಬಂದ್ಬಿಡುತ್ತೆ, ಬಂದ ಕೂಡಲೇ ಶುರು ಮಾಡಬೇಕು. ಪರವಾಗಿಲ್ವಾ?"

"ಪೂಜೆ ಜ್ಯೇಷ್ಠದಲ್ಲೇ ಆಗೋಗಿದೆಯಲ್ಲಮ್ಮ, ಇನ್ನೇನು?" ಎಂದರು ದೇವಿರಮ್ಮ. ಅಕ್ಷತಾ ಫೈಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಫೋಟೋಗೆ ಜಮೀನಿನ ಮಾಲೀಕರು ಖಾಲಿ ನೆಲದಲ್ಲಿ ನಿಲ್ಲಬೇಕಿತ್ತು. ದೇವಿರಮ್ಮ ತಲೆಗೂದಲು ಸವರಿಕೊಂಡು, ಸೆರಗು ಹೊದ್ದು ನೆಟ್ಟಗೆ ನಿಂತರು. ಸರ್ವಮಂಗಳಾ ನೆರಳು ಬೀಳದ ಹಾಗೆ ದೂರ ಸರಿದಳು.

"ಎತ್ಲಾಗೆ ಹೋಯ್ತೀಯೆ? ಬಾ ಇಲ್ಲಿ" ಎಂದರು ಅತ್ತೆ.

"ಮಾಲೀಕರು ಒಬ್ಬರೇ ಸಾಕು ಅಜ್ಜಿ" ಎಂದಳು ಅಕ್ಷತಾ.

"ಜಮೀನು ನಂದು ಮಗಾ, ದುಡಿಮೆ ಇವಳ್ದು. ಇಬ್ರೂದೂ ತೆಗೀತೀಯೋ, ಇಲ್ಲ ನಾನು ಮನೆಗೆ ಹೋಗ್ಲೋ?"

ಸರ್ವಮಂಗಳಾ ಬಂದು ನಿಂತಳು. ದೇವಿರಮ್ಮ ಅವಳ ಕೈ ಹಿಡಿದುಕೊಂಡರು. ಅಕ್ಷತಾ ಫೋಟೋ ತೆಗೆದಳು.